ಬಾಗಿಲಿನವನು ಕೊಡದೇ ಉಳಿದ ಬಲಗೈ

ಹಾಡು ಕಿತ್ತುಕೊಂಡು ಕೈಗೆ ಬಾಗಿಲು ಕೊಟ್ಟರು. ಇದು ಪಟಾಕಿಯ ದೂರು. ವರ್ಷಗಳು ಉರುಳಿದರೂ ಅದು ಆರಿಲ್ಲ. ಈಗಲೂ ಯಾರಾದರೂ ಕೇಳಿ ನೋಡಲಿ, ಬಿಚ್ಚಿದ ನಲ್ಲಿಯನ್ನು ಹಾಗೇ ಬಿಟ್ಟು, ರೆಂಚನ್ನು ಕೆಳಗಿಟ್ಟು, ಮೊದಲಿನಿಂದ ಶುರು ಮಾಡುತ್ತಾನೆ. ಮನೆಯವರು ಬಕೆಟ್ ಹಿಡಿದು ನಿಂತಿರಬೇಕು.

ಅವನ ಕಸುಬು ನಲ್ಲಿ ಮತ್ತು ಪೈಪು. ಅವನ ಸ್ವಂತ ಹೆಸರು ಬೇರೆ. ಆದರೆ ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಓಡಾಡುವವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಎಷ್ಟು ಕಾಲ ಬಾಳೀತು? ಅವನು ಹೋಗುವ ಚರ್ಚಿನ, ಅಂದರೆ ಬ್ಯಾಪ್ಟಿಸ್ಟ್ ಸಭೆಯ, ಮಕ್ಕಳು ಪಟಾಕಿ ಎಂದರು, ದೊಡ್ಡವರೂ ಅದನ್ನೇ ಹಿಡಿದುಕೊಂಡರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಆಸಾಮಿ. ಭಾನುವಾರದ ಪ್ರಸಂಗ ಸ್ವಲ್ಪ ಉದ್ದವಾದರೆ ಬೆಂಚಿನ ಮೇಲೆ ಮುಳ್ಳಿದೆಯೇನೋ ಎಂಬಂತೆ ಹೊರಳಾಡುತ್ತಿದ್ದ, ಎದ್ದು ಹೋಗಿ ಫ್ಯಾನಿನ ಸ್ವಿಚ್ಚು ಮುಟ್ಟಿ ಬರುತ್ತಿದ್ದ, ಕಿಟಕಿ ತೆಗೆಯುತ್ತಿದ್ದ, ಹಾಕುತ್ತಿದ್ದ. ಮುಂದೆ ನಿಂತು ಹಾಡು ಎತ್ತಿಕೊಡುವಾಗ ಮಾತ್ರ ಅವನ ಕಾಲು ನೆಲಕ್ಕೆ ಅಂಟುತ್ತಿತ್ತು. ಆ ಗಂಟಲಿಗೆ ಮೈಕು ಬೇಕಿರಲಿಲ್ಲ. ಶ್ರುತಿ ಬೇಕಿತ್ತು, ಆದರೆ ಅದನ್ನು ಹೇಳುವ ಧೈರ್ಯ ಯಾರಿಗಿತ್ತು?

ಹೊಸ ಪಾಸ್ಟರ್‌ಗೆ ಇತ್ತು. ಚಿಕ್ಕ ವಯಸ್ಸಿನವರು, ಮೆತ್ತಗಿನ ಮಾತು. ಸಭೆಗೆ ಕೀಬೋರ್ಡು ತರಿಸಿದರು, ಬಾರಿಸುವುದಕ್ಕೂ ಹಾಡು ಎತ್ತಿಕೊಡುವುದಕ್ಕೂ ಪಟಾಕಿಯ ಮಗಳನ್ನೇ ನಿಲ್ಲಿಸಿದರು. ಬೇರೆಯವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು, ಸ್ವಂತ ಮಗಳ ಮೇಲೆ ಏನೆಂದು ಎಗರುವುದು? ಸಾಲದ್ದಕ್ಕೆ ಪಾಸ್ಟರ್ ಅವನ ಹೆಗಲ ಮೇಲೆ ಕೈಹಾಕಿ, "ಅಣ್ಣ, ನಿಮ್ಮಂಥೋರು ಬಾಗಿಲಲ್ಲಿ ಬೇಕು. ಬರೋರನ್ನ ಬರಮಾಡಿಕೊಳ್ಳಿ," ಎಂದರು.

ಮನೆಗೆ ಬಂದು ಪಟಾಕಿ ಚಪ್ಪಲಿ ಎಸೆದ.

"ಬಾಗಿಲು ಅಂದ್ರೆ ಸಣ್ಣ ಕೆಲ್ಸಾನಾ?" ಎಂದಳು ಹೆಂಡತಿ. "ಬರೋರೆಲ್ಲ ಮೊದ್ಲು ನೋಡೋದು ನಿಮ್ಮ ಮುಖಾನೇ ಅಲ್ವಾ?"

"ಅದೇ ಕಣಮ್ಮ ನಂಗೆ ಭಯ," ಎಂದಳು ಮಗಳು ಒಳಗಿನಿಂದ. "ಅರ್ಧ ಜನ ಅಲ್ಲಿಂದಾನೇ ವಾಪಸ್ ಹೋಗ್ತಾರೆ."

ಹೀಗೆ ಅವನು ಬಾಗಿಲಿಗೆ ಬಿದ್ದ, ಬರುವವರಿಗೂ ಹೋಗುವವರಿಗೂ ಕೈಕುಲುಕುವ ಕೆಲಸಕ್ಕೆ. ಕನ್ನಡಕದ ಡೀಕನ್, ಅಂದರೆ ಸಭೆಯ ನಿಯಮವೆಲ್ಲ ಬಾಯಿಪಾಠ ಬರುವ ಹಿರಿಯರು, ಅವನಿಗೆ ನಗುವುದನ್ನು ಕಲಿಸಿದರು. ಪಟಾಕಿ ನಕ್ಕ. ಒಬ್ಬ ಹೆಂಗಸು, "ಹಲ್ಲು ನೋವಾ ಅಣ್ಣ?" ಎಂದು ಕೇಳಿ ಒಳಗೆ ಹೋದಳು.

ರಸ್ತೆಯ ಆಚೆ ಬದಿಯಲ್ಲಿ ಒಂದು ದರ್ಜಿ ಅಂಗಡಿ. ಅಂಗಿಗಳಿಗೆ ಕಾಜಾ ತೆಗೆದು ಗುಂಡಿ ಹಾಕುವ ಒಂಟಿ ಹೆಂಗಸೊಬ್ಬಳು ಅಲ್ಲಿದ್ದಳು, ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ಬೀದಿಗೆಲ್ಲ ಅವಳು ಕಾಜಕ್ಕ. ಭಾನುವಾರ ಹಾಡು ಶುರುವಾದರೆ ಅಂಗಡಿಯ ಮಾಡಿನ ಕೆಳಗೆ ಕೈಕಟ್ಟಿ ನಿಲ್ಲುತ್ತಿದ್ದಳು. ಹಾಡು ಮುಗಿದರೆ ಒಳಗೆ. ಡೀಕನ್ ಹೋಗಿ ಕರಪತ್ರ ಕೊಟ್ಟು ಬಂದರು, ಪಾಸ್ಟರ್ ಹೋಗಿ ನಮಸ್ಕಾರ ಹೇಳಿ ಬಂದರು. "ಆಗ್ಲಿ, ಆಗ್ಲಿ," ಎಂದಳೇ ಹೊರತು ಹೊಸಿಲು ದಾಟಲಿಲ್ಲ.

ಒಂದು ಭಾನುವಾರ ಪಟಾಕಿಗೆ ತಡೆಯಲಾಗಲಿಲ್ಲ. ಬಾಗಿಲಿನಿಂದಲೇ ರಸ್ತೆ ದಾಟುವಂತೆ ಕೂಗಿದ: "ಏನ್ರೀ ಅಕ್ಕಾ! ಕೇಳೋದಾದ್ರೆ ಒಳಗೆ ಬಂದು ಕೇಳ್ರೀ! ನೀವು ಅಲ್ಲಿ ಕತ್ತು ಉದ್ದ ಮಾಡೋದು, ನೋಡಿ ನೋಡಿ ಇಲ್ಲಿ ನಂಗೆ ಕತ್ತು ನೋವು!"

ಒಳಗಿದ್ದವರೆಲ್ಲ ತಿರುಗಿ ನೋಡಿದರು. ಡೀಕನ್ ಹಣೆ ಹಿಡಿದುಕೊಂಡರು. ಕಾಜಕ್ಕ ಮಾತ್ರ ಕೊರಳಲ್ಲಿದ್ದ ಟೇಪನ್ನು ತೆಗೆದು ಅಂಗಡಿಯೊಳಕ್ಕೆ ಎಸೆದು ರಸ್ತೆ ದಾಟಿಯೇ ಬಿಟ್ಟಳು.

"ಮಿಕ್ಕೋರು ನೆಂಟರನ್ನ ಕರೆದ ಹಾಗೆ ಕರೀತಿದ್ರು ತಮ್ಮಾ," ಎಂದಳು ಬಾಗಿಲಲ್ಲಿ. "ನೀನು ಮನೇವ್ರಿಗೆ ಬೈದ ಹಾಗೆ ಬೈದೆ. ಬರ್ದೆ ಇರಕ್ಕೆ ಆಗ್ಲಿಲ್ಲ."

ಅಂದಿನಿಂದ ಕೊನೆಯ ಬೆಂಚು ಅವಳದು, ಪಟಾಕಿಯ ಕಣ್ಣಳತೆಯಲ್ಲಿ. ತಿಂಗಳಿಗೊಮ್ಮೆ ಕರ್ತನ ಮೇಜು, ಯೇಸುವಿನ ಕೊನೆಯ ಊಟದ ನೆನಪಿಗೆ. ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಬರುತ್ತದೆ. ಆ ಸಭೆಯಲ್ಲಿ ದೀಕ್ಷಾಸ್ನಾನ ಆಗಿ ಸದಸ್ಯರಾದವರಿಗೆ ಮಾತ್ರ ಅದು. ತಟ್ಟೆ ಕೈಗೆ ಬಂದಾಗ ಕಾಜಕ್ಕ ಒಂದು ಚೂರನ್ನೂ ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದಳು, ಬೇರೆಯವರ ಮನೆಯ ಮದುವೆಯಲ್ಲಿ ಬಡಿಸುವವಳ ಹಾಗೆ. ಪಟಾಕಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಹೊರಗೆ ಹೋಗಿ ಗೇಟಿನ ಕೊಂಡಿ ಅಲ್ಲಾಡಿಸಿ ಬರುತ್ತಿದ್ದ.

ಕೊನೆಗೆ ಅವಳೇ ಕೇಳಿದಳು, ತನಗೂ ದೀಕ್ಷಾಸ್ನಾನ ಬೇಕೆಂದು. ಸಭೆಗೆ ಸಭೆಯೇ ಖುಷಿಪಟ್ಟಿತು. ಪಾಸ್ಟರ್ ಅವಳನ್ನು ಮುಂದೆ ಕರೆದು ವೇದಿಕೆಯ ಹಲಗೆಗಳನ್ನು ಎತ್ತಿಸಿ ಕೆಳಗಿನ ತೊಟ್ಟಿ ತೋರಿಸಿದರು. ಅಲ್ಲಿ ತಲೆಗೆ ನೀರು ಚಿಮುಕಿಸಿ ಮುಗಿಸುವ ಪದ್ಧತಿಯಿಲ್ಲ, ಆಳು ಪೂರ್ತಿ ಮುಳುಗಿ ಏಳಬೇಕು. ಖಾಲಿ ತೊಟ್ಟಿ, ಒಂದು ಹನಿ ನೀರಿರಲಿಲ್ಲ. ಆದರೂ ಕಾಜಕ್ಕ ಅಂಚಿನಿಂದ ಹಿಂದೆ ಹೆಜ್ಜೆಯಿಟ್ಟು ಪಟಾಕಿಯ ಹೆಂಡತಿಯ ತೋಳು ಹಿಡಿದುಕೊಂಡಳು.

ಚಿಕ್ಕವಳಿದ್ದಾಗ ಕೆರೆಗೆ ಬಿದ್ದಿದ್ದಳಂತೆ. ಅಣ್ಣ ಹಾರಿ, ಕೂದಲು ಹಿಡಿದು ದಡಕ್ಕೆ ನೂಕಿದ. ಅಣ್ಣ ಮೇಲೆ ಬರಲಿಲ್ಲ. ಅಂದಿನಿಂದ ಮೊಣಕಾಲಿನ ಮೇಲೆ ನೀರು ನಿಲ್ಲುವ ಜಾಗಕ್ಕೆ ಅವಳು ಕಾಲಿಟ್ಟವಳಲ್ಲ.

ಸದಸ್ಯರ ಕೂಟ ಸೇರಿತು. ಒಬ್ಬರು, "ಪಾಪ, ಒಂದು ಚೊಂಬು ನೀರು ತಲೆ ಮೇಲೆ ಹೊಯ್ದು ಮುಗ್ಸೋಣ," ಎಂದರು. ಡೀಕನ್ ಕನ್ನಡಕ ತೆಗೆದು ಒರೆಸಿ, "ಕನಿಕರ ಬೇರೆ, ಕ್ರಮ ಬೇರೆ," ಎಂದರು.

ಪಟಾಕಿ ಎದ್ದು ನಿಂತ. "ಕ್ರಮ ಏನು ನಿಮ್ಮಪ್ಪನ ಮನೆಯಿಂದ ತಂದ್ರಾ? ಹೆದರ್ಕೊಂಡವ್ರಿಗೂ ಅದೇ ಕ್ರಮಾನಾ?"

"ಕೂತ್ಕೊಳಪ್ಪ!" "ಮಾತು ನೋಡ್ಕೊಂಡು ಆಡು!" ಎಂದು ನಾಲ್ಕು ಕಡೆಯಿಂದ ಗದ್ದಲ.

ಕೊನೆಯ ಬೆಂಚಿನಿಂದ ಕಾಜಕ್ಕ ಎದ್ದಳು. ಗದ್ದಲ ತಾನಾಗಿಯೇ ನಿಂತಿತು.

"ನನ್ನ ಹೆಸರಲ್ಲಿ ಜಗಳ ಬೇಡ. ಇಲ್ಲಿರೋರೆಲ್ಲ ಮುಳುಗಿ ಎದ್ದೋರು. ನಾನೊಬ್ಬಳು ಚೊಂಬಿನಲ್ಲಿ ಬಂದೋಳು ಆಗಲ್ಲ. ಬೇಕಿದ್ರೆ ಪೂರ್ತಿ ಬೇಕು. ಆಗ್ದಿದ್ರೆ ನಂಗೆ ಹಿಂದಿನ ಬೆಂಚೇ ಸಾಕು, ತಟ್ಟೆ ದಾಟಿಸ್ತೀನಿ."

ಕೂಟ ಅಲ್ಲಿಗೇ ಮುಗಿಯಿತು.

ಪಟಾಕಿ ಒಂದು ಉಪಾಯ ತೆಗೆದ. ಒಂದೇ ಸಲ ತೊಟ್ಟಿ ತುಂಬಿಸಿ ಇಳಿಯಿರಿ ಎಂದರೆ ಯಾರಾದರೂ ಹೆದರುತ್ತಾರೆ, ಸ್ವಲ್ಪ ಸ್ವಲ್ಪವೇ ಬಿಡಬೇಕು. ಭಯಕ್ಕೂ ಒಂದು ವಾಲ್ವು ಇದ್ದೇ ಇರುತ್ತದೆ ಎಂಬುದು ಅವನ ಲೆಕ್ಕಾಚಾರ. ಪಾಸ್ಟರ್ ಬೀಗದ ಕೈ ಕೊಟ್ಟರು. ಮೊದಲ ಸಂಜೆ ಪಾದ ಮುಳುಗುವಷ್ಟು. ಕಾಜಕ್ಕ ಪಟಾಕಿಯ ಹೆಂಡತಿಯ ಕೈಹಿಡಿದು ನಿಂತು, "ಇಷ್ಟೇನಾ?" ಎಂದು ನಕ್ಕಳು. ಇನ್ನೊಂದು ವಾರ ಮೊಣಕಾಲಿನವರೆಗೆ. ನಗಲಿಲ್ಲ, ಆದರೆ ನಿಂತಳು.

ಸೊಂಟದವರೆಗೆ ಬಿಟ್ಟ ಸಂಜೆ ಕೆಟ್ಟಿತು. ಯಾರದೋ ಮನೆಯಲ್ಲಿ ಪೈಪು ಒಡೆದು ಪಟಾಕಿಯ ಫೋನು ಮೇಲಿಂದ ಮೇಲೆ ಬಡಿದುಕೊಳ್ಳುತ್ತಿತ್ತು. ಕಾಜಕ್ಕ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತವಳು ಮುಂದೆ ಹೋಗಳು, ಹಿಂದೆ ಬಾರಳು.

"ಇನ್ನೊಂದು ಮೆಟ್ಲು ಅಕ್ಕ."

"ಇರಪ್ಪ."

"ಇಳೀರಿ, ನಾನಿದೀನಲ್ಲ."

"ಇರಪ್ಪಾ, ಇಳೀತೀನಿ."

ಫೋನು ಮತ್ತೆ ಬಡಿದುಕೊಂಡಿತು. ಪಟಾಕಿ ಸಿಡಿದ. "ಇರು ಇರು ಅಂತ ರಾತ್ರಿ ಮಾಡ್ತೀರಾ? ನೀರೇನು ನಿಮ್ಮನ್ನ ತಿಂದ್ಹಾಕುತ್ತಾ? ನಿಮ್ಮಣ್ಣ ಹೀಗೇ ಲೆಕ್ಕ ಹಾಕ್ತಾ ನಿಂತಿದ್ರೆ ನೀವು ಇವತ್ತು ಇರ್ತಿದ್ರಾ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅದೇನೆಂದು ಅವನಿಗೇ ಕೇಳಿಸಿತು. ಕಾಜಕ್ಕ ಕಂಬಿ ಬಿಟ್ಟಳು. ಮೆಟ್ಟಿಲು ಹತ್ತಿದಳು. ಒದ್ದೆ ಬಟ್ಟೆಯಲ್ಲೇ ಚಪ್ಪಲಿ ಮೆಟ್ಟಿ, ಬೆಂಚುಗಳ ನಡುವೆ ನೀರಿನ ಗೆರೆ ಎಳೆಯುತ್ತ ಹೊರಟುಹೋದಳು.

"ನಿಮ್ಮ ಬಾಯಿಗೊಂದು ವಾಲ್ವು ಹಾಕಿಸ್ಕೊಳ್ರೀ," ಎಂದು ಹೆಂಡತಿ ಅವಳ ಹಿಂದೆಯೇ ಓಡಿದಳು.

ಭಾನುವಾರ ಕೊನೆಯ ಬೆಂಚು ಖಾಲಿ. ಅಂಗಡಿಯ ಬಾಗಿಲೂ ಹಾಕಿತ್ತು. ಪಟಾಕಿ ಬಂದವರ ಕೈಕುಲುಕಿದನೋ ಇಲ್ಲವೋ ಅವನಿಗೇ ಗೊತ್ತಿಲ್ಲ, ಕಣ್ಣು ರಸ್ತೆಯ ಆಚೆಯೇ ಇತ್ತು. ಮರುದಿನ ಕೆಲಸಕ್ಕೆ ಹೋಗುವವನು ಅಂಗಡಿಯ ಮುಂದೆ ಹಾದುಹೋದ, ತಿರುಗಿ ಬಂದ, ಮತ್ತೆ ಹಾದುಹೋದ. ಒಳಗೆ ಹೋಗಲು ಒಂದು ನೆಪವಾದರೂ ಬೇಡವೇ? ಗೋಡೆಯ ಮರೆಗೆ ನಿಂತು ತನ್ನದೇ ಅಂಗಿಯ ಗುಂಡಿಯನ್ನು ಜಗ್ಗಿದ.

ಕಾಜಕ್ಕ ಗುಂಡಿಯನ್ನೂ ಅಂಗಿಯನ್ನೂ ತಿರುಗಿಸಿ ನೋಡಿದಳು.

"ಇದು ಬಿದ್ದ ಗುಂಡಿ ಅಲ್ಲ. ಕಿತ್ತ ಗುಂಡಿ."

ಪಟಾಕಿ ಹೊಲಿಗೆ ಯಂತ್ರದ ಚಕ್ರ ನೋಡುತ್ತ ನಿಂತ. ತಪ್ಪಾಯಿತು ಎನ್ನಬೇಕು. ನಾಲಿಗೆಯ ಬುಡದಲ್ಲೇ ಇತ್ತು ಅದು. ಬೈಯಲು ಒಂದೇ ಉಸಿರಿಗೆ ಬರುವ ನಾಲಿಗೆ ಇದಕ್ಕೆ ಮಾತ್ರ ಹೊರಳಲೊಲ್ಲದು.

"ಭಾನುವಾರ... ಬರ್ಲಿಲ್ಲ," ಎಂದ.

"ಬರ್ತೀನಿ." ಅವಳು ದಾರ ಪೋಣಿಸಿದಳು. "ಇಳಿಯೋದೂ ಇಳೀತೀನಿ. ಆದ್ರೆ ನೀನು ಅಲ್ಲಿರ್ಬಾರ್ದು. ನಿನ್ನ ಅವಸರ ನನ್ನ ಕಾಲಿಗೆ ಹತ್ಕೊಳುತ್ತೆ."

"ಮತ್ತೆ ನೀರು ಯಾರು ಬಿಡ್ತಾರೆ?"

"ನೀನೇ ಬಿಡು. ಬಿಟ್ಟು ಆಚೆ ಹೋಗು. ಬಾಗಿಲು ನಿಂದೇ ಅಲ್ವಾ?"

ಅವನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಯಾರೂ ಹೇಳಿರಲಿಲ್ಲ. ಸಂಜೆ ಹೋಗಿ ನೀರು ಬಿಟ್ಟು, ಹೊರಗಿನ ಮೆಟ್ಟಿಲ ಮೇಲೆ ಕೂರುವುದು. ಏಳುವುದು. ಗೇಟಿನವರೆಗೆ ಹೋಗಿ ಬರುವುದು. ಒಳಗೆ ಏನು ನಡೆಯುತ್ತಿದೆ? ಇಳಿದಳಾ, ನಿಂತಳಾ? ಹೆಂಡತಿ ತಾನೂ ತೊಟ್ಟಿಗೆ ಇಳಿದು ಪಕ್ಕದಲ್ಲಿ ನಿಲ್ಲುತ್ತಿದ್ದಳಂತೆ. ಒಂದು ಸಂಜೆ ಒಳಗಿನಿಂದ ಇಬ್ಬರೂ ಬಿದ್ದು ಬಿದ್ದು ನಗುವುದು ಕೇಳಿಸಿತು. ತನ್ನ ಬಗ್ಗೆಯೇ ಎಂದು ಅವನಿಗೆ ಖಾತ್ರಿ. ಸಿಟ್ಟೂ ಬಂತು, ಹಗುರವೂ ಆಯಿತು.

ಆ ದಿನ ಬಂತು. ತೊಟ್ಟಿ ತುಂಬಿತ್ತು. ಪಟಾಕಿ ಒಪ್ಪಿದಂತೆ ಬಾಗಿಲಿನ ಹೊರಗೆ, ಒಳಗೆ ಬೆನ್ನುಹಾಕಿ ನಿಂತ. ಪಾಸ್ಟರ್ ಕೇಳಿದ್ದು ಕೇಳಿಸಿತು, ಕಾಜಕ್ಕ "ಹೌದು" ಎಂದದ್ದೂ ಕೇಳಿಸಿತು. "ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ..." ಆಮೇಲೆ ಸದ್ದಿಲ್ಲ. ಸದ್ದೇ ಇಲ್ಲ. ಅಷ್ಟರಲ್ಲಿ ದಾರಿಹೋಕನೊಬ್ಬ ನಿಂತು, "ಏನ್ರೀ ಒಳಗೆ ಪ್ರೋಗ್ರಾಮು?" ಎಂದ.

"ಸುಮ್ನಿರ್ರೀ!" ಪಟಾಕಿ ಹಲ್ಲು ಕಚ್ಚಿದ. "ಒಬ್ಬರು ಏಳ್ಬೇಕು!"

ದಬಕ್ಕನೆ ನೀರಿನ ಸದ್ದು. ಕೆಮ್ಮು. ಆಮೇಲೆ ಇಡೀ ಸಭೆ ಒಮ್ಮೆಲೇ "ಸ್ತೋತ್ರ!" ಎಂದಿತು. ದಾರಿಹೋಕ ಹೆದರಿ ಹೊರಟುಹೋದ. ಪಟಾಕಿ ಅಷ್ಟೂ ಹೊತ್ತು ಹಿಡಿದಿದ್ದ ಚಿಲಕವನ್ನು ಬಿಟ್ಟ.

ಅಂದೇ ಮೇಜಿನ ದಿನವೂ ಆಗಿತ್ತು. ಸದಸ್ಯರು ಕೈಯೆತ್ತಿ ಅವಳನ್ನು ಒಪ್ಪಿಕೊಂಡರು. ಆಮೇಲಿನದು ಆ ಸಭೆಯ ವಾಡಿಕೆ: ಹೊಸಬರು ಮೇಜಿನ ಮುಂದೆ ನಿಲ್ಲುತ್ತಾರೆ, ಸದಸ್ಯರೆಲ್ಲ ಸಾಲಾಗಿ ಬಂದು ಒಬ್ಬೊಬ್ಬರೇ ಬಲಗೈ ಕೊಟ್ಟು, ತಮ್ಮದೊಂದು ಮಾತು ಹೇಳಿ ಬರಮಾಡಿಕೊಳ್ಳುತ್ತಾರೆ. ಪಟಾಕಿ ತನ್ನ ಮಾತನ್ನು ಸಿದ್ಧಮಾಡಿಕೊಂಡಿದ್ದ. ಅಂಗಡಿಯಲ್ಲಿ ಬಾರದ ಮಾತನ್ನು ಆ ಕೈಯ ಜೊತೆಗೇ ಕೊಟ್ಟುಬಿಡಬೇಕೆಂದು.

ಆದರೆ ಮೇಜು ಇಡಬೇಕಾದರೆ ಹಲಗೆ ಮುಚ್ಚಬೇಕು, ಹಲಗೆ ಮುಚ್ಚಬೇಕಾದರೆ ತೊಟ್ಟಿಯ ನೀರು ಇಳಿಯಬೇಕು. ನೀರು ಇಳಿಯಲಿಲ್ಲ. ಮೋರಿಯ ಬಾಯಿಗೆ ಟವೆಲೊಂದು ಸಿಕ್ಕಿಕೊಂಡಿತ್ತು. ಮೇಜನ್ನು ವೇದಿಕೆಯ ಕೆಳಗೇ ಇಡಿಸಿ ಪಾಸ್ಟರ್ ಮುಂದುವರಿಸಿದರು. ಪಟಾಕಿ ಹಿತ್ತಿಲಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಭುಜದವರೆಗೂ ಕೈಯನ್ನು ಕೊಳೆಯಲ್ಲಿ ಇಳಿಸಿದ್ದ.

"ಅಪ್ಪಾ, ಸಾಲು ಮುಗೀತಾ ಬಂತು!" ಎಂದು ಮಗಳು ಓಡಿ ಬಂದು ಕರೆದಳು.

"ಬಂದೆ, ಕೈ ತೊಳ್ಕೊಂಡು ಬಂದೆ!"

ಅವನು ಒಳಗೆ ಕಾಲಿಡುವಾಗ ಸಾಲು ಮುಗಿದಿತ್ತು. ತಟ್ಟೆ ಕೊನೆಯ ಬೆಂಚಿಗೆ ಬಂದಿತ್ತು. ಕಾಜಕ್ಕ, ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದ್ದವಳು, ತಟ್ಟೆ ಹಿಡಿದು ತಡೆದಳು. ಒಂದು ಚೂರು ತೆಗೆದುಕೊಂಡಳು. ಆಮೇಲೆ ದಾಟಿಸಿದಳು.

ಹೊರಡುವಾಗ ಬಾಗಿಲಲ್ಲಿ ನಿಂತು, "ಎಲ್ಲರ ಕೈಯೂ ಸಿಕ್ತು. ನಿಂದೆಲ್ಲಿ ತಮ್ಮಾ?" ಎಂದಳು.

"ಇಲ್ಲಿ ಬೇಡ ಅಕ್ಕ. ಬಾಗಿಲ ಕೈ ಬರೋ ಹೋಗೋರಿಗೆಲ್ಲ ಕೊಡೋದು. ನಿಮ್ದು ಮೇಜಿನ ಮುಂದೇನೇ ಕೊಡ್ಬೇಕು. ಮುಂದಿನ ತಿಂಗ್ಳು."

"ಸರಿ. ಬಾಕಿ ಇಟ್ಕೋ."

ಮುಂದಿನ ತಿಂಗಳು ಅವನಿಗೆ ನಾಚಿಕೆ. ಒಬ್ಬನಿಗೋಸ್ಕರ ಅವಳನ್ನು ಮತ್ತೆ ಮುಂದೆ ನಿಲ್ಲಿಸಿ ಎಂದು ಪಾಸ್ಟರನ್ನು ಹೇಗೆ ಕೇಳುವುದು? ಅದರ ಮುಂದಿನ ತಿಂಗಳು ಮೋಟಾರು ಸುಟ್ಟಿತು. ಆಮೇಲೆ ಮಗಳ ಪರೀಕ್ಷೆ, ಇನ್ನೇನೋ, ಮತ್ತೇನೋ. ಕಾಜಕ್ಕ ಎದುರಿಗೆ ಬಂದಾಗಲೆಲ್ಲ ಹುಬ್ಬು ಹಾರಿಸುತ್ತಿದ್ದಳು, ಇವನು "ಕೊಡ್ತೀನಿ, ಕೊಡ್ತೀನಿ" ಎನ್ನುತ್ತಿದ್ದ.

ಅವಳ ಕಣ್ಣು ಮಂದವಾಗಿ ಕಾಜಾ ತಪ್ಪತೊಡಗಿತು. ತಂಗಿಯ ಮಗಳು ವ್ಯಾನು ತಂದು, ಸಾಮಾನು ಹೇರಿ, ದೂರದ ತನ್ನೂರಿಗೆ ಕರೆದುಕೊಂಡು ಹೋದಳು. ಆ ಹೊತ್ತಿಗೆ ಪಟಾಕಿ ಯಾರದೋ ಬಚ್ಚಲಿನಲ್ಲಿ ಸಿಂಕಿನ ಕೆಳಗೆ ತಲೆ ತೂರಿಸಿದ್ದ. ಹೆಂಡತಿಯ ಫೋನು ಬಂದಾಗ ಅರ್ಧ ಬಿಚ್ಚಿದ್ದನ್ನು ಬಿಟ್ಟು ಓಡಿ ಬಂದ. ಅಂಗಡಿಗೆ ಬೀಗ.

"ಒಂದು ಗಂಟೆ ಕಾದ್ರು," ಎಂದಳು ಹೆಂಡತಿ. "ಅವಸರದೋನು, ಈ ಸಲ ನನ್ನೇ ಕಾಯಿಸ್ದ ಅಂತ ನಕ್ಕರು."

ಒಮ್ಮೆ ಹೋಗಿ ಬರಬೇಕು ಎಂದು ಅವನು ಅಂದುಕೊಳ್ಳುತ್ತಲೇ ಇದ್ದ. ಹೋಗುವ ಮೊದಲೇ ಕಾಜಕ್ಕ ತೀರಿಕೊಂಡಳೆಂದು ತಂಗಿಯ ಮಗಳ ಕಾಗದ ಬಂತು. ಸಭೆಯಲ್ಲಿ ಪಾಸ್ಟರ್ ಅದನ್ನು ಓದಿ ಹೇಳಿದಾಗ ಪಟಾಕಿ ಬಾಗಿಲಲ್ಲೇ ನಿಂತಿದ್ದ. ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡ. ಆ ದಿನ ಜನ ಹೊರಗೆ ಹೋಗುವಾಗ ಯಾರು ಕೈಚಾಚಿದರೂ ತನ್ನ ಬಲಗೈಯನ್ನು ಹೊರತೆಗೆಯಲಿಲ್ಲ.