ಗಾಳೆಮ್ಮನ ಬದನೆ ಮಡಿ, ಒಬ್ಬರಿಗೆ ಒಂದೇ ಲೋಟ ನೀರು

ಬೆಳಿಗ್ಗೆ ಆರೂವರೆ. ದಢೇಸುಗೂರು ಕಡೆಯ ಕಾಲುವೆ ಪಕ್ಕದ ಊರೊಂದರ ಸರ್ಕಾರಿ ಶಾಲೆಗೆ ಇನ್ನೂ ಯಾರೂ ಬಂದಿಲ್ಲ. ಅಡುಗೆಯ ಗಾಳೆಮ್ಮ ಮಾತ್ರ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಬದನೆ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದಾರೆ. ಹುಳ ಸಿಕ್ಕರೆ ಡಬ್ಬಿಗೆ ಹಾಕುತ್ತಾರೆ, ಸಿಗದಿದ್ದರೆ ಗಿಡಕ್ಕೆ ‘ಶಾಭಾಸ್’ ಎನ್ನುತ್ತಾರೆ. ಒಲೆ ಹೊತ್ತಿಸಲು ಇನ್ನೂ ಹೊತ್ತಿದೆ.

ಹದಿನಾಲ್ಕು ವರ್ಷದಿಂದ ಅವರದು ಇಲ್ಲಿ ಬಿಸಿಯೂಟದ ಕೆಲಸ. ಒಂದರಿಂದ ಐದನೇ ತರಗತಿಯ ಅರವತ್ತೆರಡು ಮಕ್ಕಳು, ದಿನಕ್ಕೆ ಅರವತ್ತೆರಡು ತಟ್ಟೆ. ತೋಟ ಮಾಡಿ ಎಂದು ಯಾರೂ ಹೇಳಿದ್ದಲ್ಲ. ಅಕ್ಕಿ ತೊಳೆದ ನೀರು ದಿನಾ ಚರಂಡಿಗೆ ಹೋಗುವುದನ್ನು ನೋಡಿ ಅವರ ಹೊಟ್ಟೆ ಉರಿಯುತ್ತಿತ್ತು, ಅಷ್ಟೇ.

ಮೊದಲ ಸಲ ಆದದ್ದನ್ನು ನೆನೆದರೆ ಈಗಲೂ ನಗುತ್ತಾರೆ. ಜುಲೈನಲ್ಲಿ ಸಸಿ ಕೊಟ್ಟದ್ದೇ ತಡ, ಮಕ್ಕಳು ಸುತ್ತ ಬದು ಕಟ್ಟಿ, ಪಾದ ಮುಳುಗುವಷ್ಟು ನೀರು ನಿಲ್ಲಿಸಿ, ತಾಯಂದಿರಂತೆ ಬಗ್ಗಿ ಹಿಂದೆ ಹಿಂದೆ ಸರಿಯುತ್ತಾ ಬದನೆಯನ್ನು ಭತ್ತದಂತೆ ನಾಟಿ ಮಾಡಿದವು! “ನಾನೂ ಸುಮ್ನ ನೋಡ್ಕೊಂತ ನಿಂತೆ ನೋಡ್ರಿ. ನಾವು ನೆಲ್ಲು ಹಚ್ಚೋ ಮಂದಿ, ನೀರಂದ್ರ ನಿಂದ್ರಬೇಕು ಅಂತ ತಿಳದೀವಿ,” ಎನ್ನುತ್ತಾರೆ. ಎರೆಮಣ್ಣು ನೀರು ಬಿಡಲಿಲ್ಲ. ಎಂಟನೇ ದಿನಕ್ಕೆ ಬೇರುಗಳೆಲ್ಲ ಕೊಳೆತು ಹೋದವು. ಮಕ್ಕಳು ಅತ್ತವು.

ಶಾಲಾ ಸಮಿತಿಯ ಅಧ್ಯಕ್ಷ ಆದೆಪ್ಪನವರು ಕೆಸರು ನೋಡಿ, “ಹುಡುಗ್ರು ಜಾರಿ ಬೀಳ್ತಾವ. ಇಲ್ಲಿ ಹಾಸುಗಲ್ಲು ಹಾಕಿಸಿಬಿಡೂನು,” ಎಂದರು. ಅವರ ಮಾತೂ ಸುಳ್ಳಲ್ಲ. ಎಂದೂ ಎದುರು ಮಾತಾಡದ ಗಾಳೆಮ್ಮ ಅಂದು ಕೈ ಮುಗಿದು, ದೀಪಾವಳಿ ತನಕ ಬಿಡಿ ಎಂದು ಕೇಳಿಕೊಂಡರು. ಆ ಜಾಗ ಕಲ್ಲಾದರೆ ಮಕ್ಕಳಿಗೆ ಮತ್ತೆ ಮಣ್ಣು ಸಿಗುವುದಿಲ್ಲ ಎಂಬ ಭಯ ಅವರಿಗೆ.

ಹೊಸ ಸಸಿ ತಂದು, ಈ ಸಲ ಮಣ್ಣು ಏರಿಸಿ ಎತ್ತರದ ಮಡಿ ಮಾಡಿದರು. ಮಗುವಿಗೊಂದು ಗಿಡ. ಅಕ್ಕಿ ತೊಳೆದಾದ ಮೇಲೆ ಮಕ್ಕಳು ಲೋಟ ಹಿಡಿದು ಸಾಲಾಗಿ ಬರುತ್ತವೆ. ಒಬ್ಬರಿಗೆ ಒಂದೇ ಲೋಟ. ಒಂದನೇ ತರಗತಿಯ ಮಹೆಕ್ ಎರಡನೆಯದಕ್ಕೆ ರಾಗ ಎಳೆಯುತ್ತಾಳೆ: “ಅಮ್ಮಾ, ನನ್ನ ಗಿಡಕ್ಕ ಇನ್ನಾ ನೀರಡಿಕಿ ಆಗೇತಿ.”

“ಬೆಳ್ಳು ಮಣ್ಣಾಗ ಇಟ್ಟು ನೋಡಬೇ. ತಂಪೈತಿ ಅಂದ್ರ ಅದರ ಹೊಟ್ಟಿ ತುಂಬೇತಿ.”

ಮಹೆಕ್ ಬೆರಳಿಟ್ಟು ನೋಡಿ, ಒಲ್ಲದ ಮನಸ್ಸಿನಿಂದ ಲೋಟ ಕೆಳಗಿಡುತ್ತಾಳೆ.

ದೀಪಾವಳಿ ಮುಗಿದ ವಾರ ಆದೆಪ್ಪನವರು ಜಾಗ ಅಳೆಯುವ ಟೇಪು ಹಿಡಿದೇ ಬಂದರು. ಊಟದ ಹೊತ್ತು. ಸಾಂಬಾರಿನಲ್ಲಿ ತೋಟದ ಬದನೆ. ಎರಡನೇ ತರಗತಿಯಲ್ಲಿರುವ ಅವರ ಮೊಮ್ಮಗಳು ಶಿವಕುಮಾರಿ ಹೋಳೊಂದನ್ನು ಎತ್ತಿ ತೋರಿಸಿ, “ಅಜ್ಜಾ, ಇದು ನನ್ನ ಗಿಡದ್ದು!” ಎಂದಳು. ಪಕ್ಕದವಳು “ಇದು ನಂದು” ಎಂದಳು. ಸಾಲಿಗೆ ಸಾಲೇ ಹೋಳು ಎತ್ತಿ ತೋರಿಸಿತು. ಮನೆಯಲ್ಲಿ ಬದನೆ ಮುಟ್ಟದ ಮೊಮ್ಮಗಳು ತಟ್ಟೆ ಬಳಿದು ತಿನ್ನುವುದನ್ನು ನೋಡಿ ಆದೆಪ್ಪನವರು ಟೇಪು ಸುತ್ತಿ ಜೇಬಿಗಿಟ್ಟರು. “ಹಾಸುಗಲ್ಲು ಗೇಟಿನ ಮುಂದ ಹಾಕಿಸೂನು ತಗೋ ಗಾಳೆವ್ವ. ಅಲ್ಲೂ ಕೆಸರೈತಿ.”

ಅರವತ್ತೆರಡು ಗಿಡವೂ ಅಷ್ಟು ಬೇಗ ಫಲ ಕೊಟ್ಟವೇ ಎಂದು ಕೇಳಿದರೆ ಗಾಳೆಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಾರೆ.

“ಆವತ್ತು ಕಾಯಿ ಬಿಟ್ಟಿದ್ದು ಬರೇ ಹನ್ನೊಂದು ಗಿಡಾರಿ. ನೀಡುವಾಗ ಎಲ್ಲಾರ ಕಿವ್ಯಾಗೂ ‘ಇದು ನಿನ್ನ ಗಿಡದ್ದು’ ಅಂದಿದ್ದೆ. ಯುಗಾದಿಯೊಳಗ ಎಲ್ಲಾ ಗಿಡಾನೂ ಕಾಯಿ ಬಿಟ್ಟು ನನ್ನ ಸುಳ್ಳು ಖರೆ ಮಾಡ್ಲಿ. ನನಗ ಅಷ್ಟ ಸಾಕ್ರಿ.”