ನಿಂತ ಕಾಲನ್ನು ನೋಡುತ್ತಿದ್ದವರು

2009ರ ನವೆಂಬರ್ 14, ಶನಿವಾರ. ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಲಂಡನ್ ಕನ್ನಡಿಗರ ಈ ಪತ್ರಿಕೆಗೆ ಬರೆಯಲು ಕುಳಿತೆ.

ನಿನ್ನೆ ಹೌನ್ಸ್ಲೋದ ಹಳೆ ಸಾಮಾನಿನ ಅಂಗಡಿಯಲ್ಲಿ ವಿಡಿಯೋ ಕ್ಯಾಸೆಟ್ಟುಗಳ ಪೆಟ್ಟಿಗೆಯೊಂದನ್ನು ತೆರೆದೆ. ಹಳೆಯ ಟೇಪಿನ ವಾಸನೆ ಬಂತು. ಮೊದಲು ನಾನಿದ್ದ ಎಜ್‌ವೇರ್ ಬಡಾವಣೆಯಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದ ಡಾಕ್ಟರು ನೆನಪಾದರು...

2001ರಲ್ಲಿ ನಾನು ಕೆಲಸದ ವೀಸಾದ ಮೇಲೆ ಮೈಸೂರಿನಿಂದ ಬಂದಿದ್ದೆ. ಅವರು ಧಾರವಾಡದವರು, ನಿವೃತ್ತರಾದ ಮೂಳೆ ಡಾಕ್ಟರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತಮ್ಮವರೆಂದು ಇದ್ದದ್ದು ಅಮೆರಿಕದಲ್ಲಿ ಒಬ್ಬ ತಂಗಿ ಮತ್ತು ಆಕೆಯ ಮಗ.

ಆ ಸೋದರಳಿಯ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿದ್ದ. ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಅಮೆರಿಕದ ಫುಟ್‌ಬಾಲ್ ಅದು. ಇವನ ಕೆಲಸ ಮಾತ್ರ ಒಂದೇ: ನಿಲ್ಲಿಸಿದ ಚೆಂಡನ್ನು ಓಡಿಬಂದು ಎರಡು ಕಂಬಗಳ ನಡುವೆ ಒದೆಯುವುದು. ತಂಗಿ ಪಂದ್ಯಗಳನ್ನು ಟೇಪು ಮಾಡಿ ಕಳಿಸುತ್ತಿದ್ದರು. ಅಮೆರಿಕದ ಟೇಪು ಇಲ್ಲಿನ ಯಂತ್ರದಲ್ಲಿ ಓಡುವುದಿಲ್ಲವೆಂದು ಡಾಕ್ಟರು ಎರಡೂ ಬಗೆಯದು ಓಡುವ ಯಂತ್ರವನ್ನೇ ಕೊಂಡಿದ್ದರು.

"ತಂಗೀ, ಟೇಪ್ ಬಂದದ. ಚಹಾ ಇಟ್ಟೀನಿ, ಬಾ" ಎಂದು ಭಾನುವಾರ ಮಧ್ಯಾಹ್ನ ನನಗೆ ಫೋನ್ ಮಾಡುತ್ತಿದ್ದರು. ನನ್ನನ್ನೂ ತಂಗೀ ಎಂದೇ ಕರೆಯುತ್ತಿದ್ದರು.

ಕಾಲೇಜು ಮುಗಿಸುವ ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ ಪದ್ಧತಿಗೆ ಡ್ರಾಫ್ಟ್ ಎನ್ನುತ್ತಾರೆಂದು ಅವರೇ ಹೇಳಿಕೊಟ್ಟರು. "ಕನ್ಯಾ ನೋಡ್ಲಿಕ್ಕೆ ಬಂದಂಗ. ಓಡಸ್ತಾರ, ಜಿಗಸ್ತಾರ, ತೂಕಾ ಮಾಡ್ತಾರ. ಉಪ್ಪಿಟ್ಟು ಒಂದ್ ಇರೂದಿಲ್ಲ ನೋಡು."

ಅವರು ಟೀವಿಯ ಧ್ವನಿ ಪೂರ್ತಿ ತಗ್ಗಿಸಿ ನೋಡುತ್ತಿದ್ದರು. ನಾನು ಚೆಂಡು ನೋಡಿ ಲೆಕ್ಕ ಬರೆದುಕೊಳ್ಳುತ್ತಿದ್ದೆ. ಅವರು ಚೆಂಡನ್ನಾಗಲಿ ಒದೆಯುವ ಕಾಲನ್ನಾಗಲಿ ನೋಡುತ್ತಿರಲಿಲ್ಲ, ನೆಲಕ್ಕೆ ಊರಿದ ಎಡಗಾಲನ್ನು ನೋಡುತ್ತಿದ್ದರು. ರೋಗಿ ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ಅರ್ಧ ಕಾಯಿಲೆ ತಿಳಿಯುತ್ತಿದ್ದ ಕಣ್ಣು ಅದು.

"ಹತ್ತರಲ್ಲಿ ಒಂಬತ್ತು ಒಳಗೇ ಹೋಗಿದೆ ಡಾಕ್ಟ್ರೇ" ಎಂದೆ ಒಂದು ಭಾನುವಾರ.

"ಹೋಗ್ಯಾವ. ಆದ್ರ ಕಡೀ ಹೆಜ್ಜಿ ಗಿಡ್ಡ ಮಾಡ್ಲಿಕತ್ತಾನ. ಹುಡುಗ ನೋವು ಮುಚ್ಚಿಡ್ತಾನ."

ಆಮೇಲಿನ ಮಾರ್ಚ್‌ನಲ್ಲಿ ನಾನು ಅಲ್ಲೇ ಕುಳಿತಿದ್ದಾಗ ತಂಗಿಯ ಫೋನ್ ಬಂತು. ಡಾಕ್ಟರು ಸ್ಪೀಕರ್ ಹಾಕಿದರು.

"ಅಣ್ಣಾ, ಮುಂದಿನ ತಿಂಗಳ ಡ್ರಾಫ್ಟ್. ಸೋದರಮಾವ ನೀ. ಒಂದ್ ಛಲೋ ಮಾತು ಹೇಳು."

"ಅವನ ಎಡಗಡೆ ಸೊಂಟದ ಕೀಲು ಕೆಟ್ಟದವಾ. ಮೊದಲ ಸ್ಕ್ಯಾನ್ ಮಾಡಸು. ಈ ವರ್ಷ ಅವನ್ನ ಯಾರೂ ತಗೊಳ್ಳೂದಿಲ್ಲ."

"ನಾ ಆಶೀರ್ವಾದ ಕೇಳಿದ್ರ ನೀ ರಿಪೋರ್ಟ್ ಕೊಟ್ಟಿ" ಎಂದು ಆಕೆ ಫೋನ್ ಇಟ್ಟರು.

ಟೇಪುಗಳು ನಿಂತವು. ಡ್ರಾಫ್ಟ್ ಮುಗಿದ ಸೋಮವಾರ ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲ ಹೆಸರನ್ನೂ ಎರಡು ಸಲ ಓದಿದೆ. ಹುಡುಗನ ಹೆಸರಿರಲಿಲ್ಲ. ಸಂಜೆ ಹೋಗಿ, "ನೀವು ಹೇಳಿದ್ದೇ ಸರಿಯಾಯ್ತು" ಎಂದೆ.

"ಸರಿ ಆಗಿ ಏನ್ ಮಾಡ್ಲಿ ತಂಗೀ? ತಪ್ಪಾಗಿದ್ರ ಆಕಿ ಬೈಲಿಕ್ಕರೆ ಫೋನ್ ಮಾಡ್ತಿದ್ಲು."

ಭಾನುವಾರದ ಚಹಾ ನಿಲ್ಲಲಿಲ್ಲ. ಟೀವಿ ಮಾತ್ರ ಹಚ್ಚುತ್ತಿರಲಿಲ್ಲ. ನಾನು ಕಪ್ಪು ತೊಳೆಯುವಾಗ ಅವರು ಅಮೆರಿಕಕ್ಕೆ ಫೋನ್ ಮಾಡುತ್ತಿದ್ದರು. ಯಾರೂ ಎತ್ತುತ್ತಿರಲಿಲ್ಲ. ಉತ್ತರಿಸುವ ಯಂತ್ರಕ್ಕೇ ಹೇಳುತ್ತಿದ್ದರು: "ನಾನವಾ, ಅಣ್ಣ. ಸ್ಕ್ಯಾನ್ ಮಾಡಸಿದಿಯೇನು?" ಇಟ್ಟ ಮೇಲೂ ಕೈ ಫೋನಿನ ಮೇಲೆಯೇ ಇರುತ್ತಿತ್ತು...

2003ರಲ್ಲಿ ಕೆಲಸ ಬದಲಾಗಿ ನಾನು ಹೌನ್ಸ್ಲೋಗೆ ಬಂದೆ. ಮೊದಮೊದಲು ಫೋನಿನಲ್ಲಿ ಮಾತಾಡುತ್ತಿದ್ದೆವು. ಮರುವರ್ಷ ಅವರ ನಂಬರ್ ಸತ್ತಿತ್ತು. ಹೋಗಿ ನೋಡಿದರೆ ಬೇರೊಂದು ಸಂಸಾರ ಬಾಗಿಲು ತೆಗೆಯಿತು. ಟ್ಯಾಕ್ಸಿಯಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ಹೋದರೆಂದು ಎದುರು ಮನೆಯವರು ಹೇಳಿದರು. ಅಲ್ಲ, ಆಂಬುಲೆನ್ಸಿನಲ್ಲಿ ಎಂದರು ಅವರ ಹೆಂಡತಿ.

ಈಗ ಇದ್ದಾರೋ ಇಲ್ಲವೋ ತಿಳಿಯದು. ಇಲ್ಲವೆಂದೇ ಮನಸ್ಸು ಹೇಳುತ್ತದೆ. ಬಲ್ಲವರು ಪತ್ರಿಕೆಗೆ ಒಂದು ಸಾಲು ಬರೆಯಿರಿ. ಆ ತಂಗಿಯನ್ನಾಗಲಿ ಮಗನನ್ನಾಗಲಿ ಬಲ್ಲವರಿದ್ದರೂ ಬರೆಯಿರಿ: ಅವರ ಅಣ್ಣನ ಫೋನನ್ನು ಕೊನೆಗೆ ಯಾರಾದರೂ ಎತ್ತಿದರೇ?