ಮೀನಿಗೆ ಅಮ್ಮ ಬಂದಾಗ

ಎಂಬತ್ತರ ದಶಕದ ಬಹುಭಾಗವನ್ನು ನಾನು ಬನಹಟ್ಟಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತ ಕಳೆದೆ. ಮದುವೆಯಾಗಿರಲಿಲ್ಲ. ನೇಕಾರರ ಮನೆಯೊಂದರಲ್ಲಿ ಪಡಸಾಲೆಯ ಪಕ್ಕದ ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮುಧೋಳದಲ್ಲಿ ಅಣ್ಣನ ಮನೆಯಿತ್ತು. ಹಬ್ಬಕ್ಕೆ ಹೋದರೆ ಅತ್ತಿಗೆ ಶೋಕೇಸಿನ ಕಪ್ಪು ತೆಗೆದು ಚಹಾ ಕೊಡುತ್ತಿದ್ದಳು, ಅಂದರೆ ಅಲ್ಲಿ ನಾನು ಬೀಗರ ಪೈಕಿ ಆಗಿಬಿಟ್ಟಿದ್ದೆ. ಬನಹಟ್ಟಿಯಲ್ಲಿ ಹಗಲೆಲ್ಲ ಪವರ್‌ಲೂಮಿನ ಸದ್ದು. ಆ ಸದ್ದಿನಲ್ಲಿ ಒಬ್ಬಳೇ ಮಾತಾಡಿಕೊಂಡರೂ ಯಾರಿಗೂ ಕೇಳುವುದಿಲ್ಲ. ಅದೊಂದು ಅನುಕೂಲವಿತ್ತು, ನಾನು ಅದನ್ನು ಚೆನ್ನಾಗಿ ಬಳಸಿಕೊಂಡೆ.

ಮಾತಿಗೆ ಸಿಗುತ್ತಿದ್ದವರೆಂದರೆ ಮನೆಯ ಯಜಮಾನಿ ಒಬ್ಬರೇ. ವಯಸ್ಸಾದ ವಿಧವೆ, ಎಲ್ಲರಂತೆ ನಾನೂ ಅವರನ್ನು ಆಯಿ ಎನ್ನುತ್ತಿದ್ದೆ. ಸಂಜೆ ನನ್ನ ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದರು. ಮೀನು ಬಂದ ದಿನದಿಂದ ಅದೂ ನಿಂತಿತು.

ಮೀನನ್ನು ತಂದದ್ದು ಕಾರವಾರದಿಂದ. ಶಿಕ್ಷಕರ ಪ್ರವಾಸ ಹೋಗಿದ್ದಾಗ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಬೆರಳುದ್ದದ ಮೀನೊಂದು ಸಿಕ್ಕಿತು, ಹಳದಿ ಮೈ, ಕಪ್ಪು ಪಟ್ಟೆ. ಕ್ಯಾನಿನಲ್ಲಿ ಸಮುದ್ರದ ನೀರು ತುಂಬಿ, ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಜಮಖಂಡಿಯಲ್ಲಿ ಗಾಜಿನ ತೊಟ್ಟಿ ಮಾಡಿಸಿದೆ. ಸೀರೆ ಗಂಟು ಹೇರಿಕೊಂಡು ಕರಾವಳಿಗೆ ಹೋಗುವ ಲಾರಿಯವರು ಬರುವಾಗ ನನಗೆ ಸಮುದ್ರದ ನೀರು ತಂದುಕೊಡುತ್ತಿದ್ದರು. ನಮ್ಮ ಬೋರಿನ ನೀರೂ ಉಪ್ಪೇ ಐತಲ್ಲ, ಇಷ್ಟು ದೂರದಿಂದ ಯಾಕೆ ಎಂದು ನಗುತ್ತಿದ್ದರು. ಕರೆಂಟು ಹೋದರೆ ಮಗ್ಗಗಳ ಜೊತೆ ತೊಟ್ಟಿಗೆ ಗಾಳಿ ಊದುವ ಪಂಪೂ ನಿಲ್ಲುತ್ತಿತ್ತು. ಆಗ ತಂಬಿಗೆಯಲ್ಲಿ ಅದೇ ನೀರನ್ನು ಎತ್ತಿ ಎತ್ತಿ ಸುರಿಯುತ್ತ ಕೂರುತ್ತಿದ್ದೆ.

ಆಯಿ ಮೀನು ತೆಗೆಯಿರಿ ಎನ್ನಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿದವರು, ಮೀನಿನ ವಾಸನೆಯ ಹತ್ತಿರ ಬರಲಿಲ್ಲ ಅಷ್ಟೇ. ನನಗೂ ಹಟ. ಒಂದು ಮೀನು ಸಾಕಲು ಯಾರನ್ನು ಕೇಳಬೇಕು ಎಂದುಕೊಂಡೆ. ಆದರೆ ಸಂಜೆ ಖಾಲಿ ಹೊಸ್ತಿಲು ನೋಡಿದಾಗ ಸಂಕಟವಾಗುತ್ತಿತ್ತು.

ಮೀನೂ ಒಂಟಿಯಾಗಿ ಗಾಜಿಗೆ ಮುಖ ಹಚ್ಚಿ ನಿಂತಿರುತ್ತಿತ್ತು. ನೋಡಲಾರದೆ ಲಾರಿಯವರಿಗೆ ಹೇಳಿ ಅದಕ್ಕೊಂದು ಜೊತೆ ತರಿಸಿದೆ. ನನಗೆ ವರ ಹುಡುಕಿ ಹುಡುಕಿ ಸೋತಿದ್ದ ಅಣ್ಣನಿಗೆ ತಿಳಿದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದ. ಬಂದ ಜೊತೆ ಕೆಲವೇ ದಿನಗಳಲ್ಲಿ ಸತ್ತಿತು, ಸಾಯುವ ಮೊದಲು ರೋಗ ಹಂಚಿಹೋಯಿತು. ನನ್ನ ಮೀನಿನ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳೆದ್ದವು. ಅದು ಕಲ್ಲಿಗೆ ಮೈ ತಿಕ್ಕಿಕೊಳ್ಳತೊಡಗಿತು.

ಜಮಖಂಡಿಯ ಕಾಲೇಜಿನ ಪುಸ್ತಕವೊಂದರಲ್ಲಿ ಉತ್ತರ ಸಿಕ್ಕಿತು. ಅದು ಕಣ್ಣಿಗೆ ಕಾಣದ ಹುಳ. ಮೀನಿನ ಚರ್ಮದೊಳಗೆ ಕೂತು ಕೊಬ್ಬುತ್ತದೆ, ಕೊಬ್ಬಿದ ಮೇಲೆ ತಾನಾಗಿ ಉದುರಿ ತಳದ ಮರಳು ಸೇರುತ್ತದೆ, ಅಲ್ಲಿ ಒಂದು ನೂರಾಗಿ ಮತ್ತೆ ಮೇಲೇಳುತ್ತದೆ. ಮದ್ದು ಮೈಲುತುತ್ತ, ನಮ್ಮ ಕಡೆಯವರು ದ್ರಾಕ್ಷಿ ಬಳ್ಳಿಗೆ ಹೊಡೆಯುವುದು ಅದನ್ನೇ. ತುಸು ಹೆಚ್ಚಾದರೆ ಹುಳದ ಜೊತೆ ಮೀನೂ ಸಾಯುತ್ತದೆ. ಒಂದು ಪೊಟ್ಟಣ ತಂದಿಟ್ಟುಕೊಂಡೆ.

ಅದೇ ಸಂಜೆ ತಮ್ಮ ಸೊಸೆಯಿಂದ ಸುದ್ದಿ ತಿಳಿದು ಆಯಿ ಬಂದರು. ಹೊಸ್ತಿಲಲ್ಲಿ ನಿಂತು ನೋಡಿದರು, ಆಮೇಲೆ ಒಳಗೇ ಬಂದು ಗಾಜಿಗೆ ಬಗ್ಗಿದರು.

“ಅಕ್ಕೋರ, ಇದಕ್ಕ ಅಮ್ಮ ಬಂದಾಳ್ರೀ” ಎಂದರು.

ಸಿಡುಬಿನ ಕಾಲ ಕಂಡವರು ಅವರು. ತೊಟ್ಟಿಯ ಅಂಚಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಅಮ್ಮ ಇರುವ ತನಕ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ. ಆ ಮನೆಮಂದಿಯೆಲ್ಲ ನನ್ನ ಮೀನಿನ ಸಲುವಾಗಿ ಸಪ್ಪೆ ಬೇಳೆ ಉಂಡರು. ಆಯಿಯ ಹಿರಿಯ ಮಗ ನನ್ನನ್ನು ಕಂಡರೆ ಮುಖ ಗಂಟಿಕ್ಕತೊಡಗಿದ. ನಾನು ಪೊಟ್ಟಣ ತೋರಿಸಿ, ಇದು ಹುಳ, ಇದಕ್ಕೆ ಔಷಧವಿದೆ ಎಂದೆ.

“ಔಷಧ ಹಾಕಬ್ಯಾಡ್ರಿ. ಬಂದಾಕಿ ತಾನ ಹೋಗ್ತಾಳ. ನಡುವ ಕೈ ಹಾಕಿದ್ರ ಸಿಟ್ಟಾಗ್ತಾಳ.”

ಪಾಠ ಹೇಳುವುದು ನನ್ನ ಕೆಲಸ. ಹೇಳಲಿಲ್ಲ. ಪೊಟ್ಟಣವನ್ನು ಗೋಡೆಯ ಗೂಡಿನಲ್ಲಿಟ್ಟೆ. ಯಾಕೆಂದರೆ ಆಯಿ ಈಗ ದಿನಾ ಬರುತ್ತಿದ್ದರು. ತೊಟ್ಟಿಯ ಮುಂದೆ ಕೂತು, ಸಿಡುಬಿನಲ್ಲಿ ಹೋದ ತಮ್ಮ ಮಗಳ ಮಾತು ಆಡುತ್ತಿದ್ದರು. ಆ ಮಗುವಿಗೆ ಬೆಲ್ಲ ಹಚ್ಚಿದ ರೊಟ್ಟಿಯೆಂದರೆ ಜೀವವಂತೆ. ಆ ಮನೆಯಲ್ಲಿ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ. ಔಷಧ ಹಾಕಿದರೆ ಮೀನು ಬದುಕಬಹುದು, ಆಯಿ ಬರುವುದು ನಿಲ್ಲಬಹುದು. ನಾನು ಕಾದೆ. ಅದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ, ಬೇಕಾದವರು ಏನಾದರೂ ಅನ್ನಲಿ.

ಕೆಲವು ದಿನಗಳಲ್ಲಿ ಚುಕ್ಕೆಗಳು ಪೂರ್ತಿ ಮಾಯವಾದವು. ಆಯಿಗೆ ಹಿಗ್ಗೋ ಹಿಗ್ಗು. ಮೊಸರನ್ನ ಕಲಸಿ, ಬೇವಿನೆಲೆ ಇಟ್ಟು, ಊರ ಹೊರಗೆ ಹೋಗಿ ಅಮ್ಮನನ್ನು ಕಳಿಸಿಬಂದರು. ಹುಳಗಳು ಹೋಗಿಲ್ಲ, ಮರಳಿನಲ್ಲಿ ಹೆಚ್ಚುತ್ತಿವೆ ಎಂದು ನನಗೆ ಗೊತ್ತಿತ್ತು. ಮರುದಿನವೇ ಮೈಲುತುತ್ತ ಕರಗಿಸಿ ಹನಿಹನಿಯಾಗಿ ಹಾಕಿದೆ. ತಡವಾಗಿತ್ತು. ಚುಕ್ಕೆಗಳು ಮೊದಲಿಗಿಂತ ದಟ್ಟವಾಗಿ ಬಂದವು, ಕಿವಿರಿಗೂ ಇಳಿದವು. ಒಂದು ಭಾನುವಾರ ಮಧ್ಯಾಹ್ನ ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತು. ಪಂಪು ಓಡುತ್ತಲೇ ಇತ್ತು. ನಾನು ನೋಡುತ್ತಿದ್ದಂತೆ ಅಡ್ಡ ಮಲಗಿತು.

ಹಳೆಯ ಪೇಪರಿನಲ್ಲಿ ಸುತ್ತಿ ತಿಪ್ಪೆಯ ಕಡೆ ಹೊರಟಿದ್ದೆ. ಹಿತ್ತಲಲ್ಲಿ ಆಯಿ ತಡೆದರು. ಔಷಧ ಹಾಕಿದ್ದೆ ಎಂದು ನಾನೇ ಹೇಳಿದೆ. ಪೇಪರು ಬಿಚ್ಚಿ, ಹುಟ್ಟಿದಂದಿನಿಂದ ಮೀನು ಮುಟ್ಟದ ಆ ಮುದುಕಿ ಅದನ್ನು ಅಂಗೈಗೆ ತೆಗೆದುಕೊಂಡರು. ಅಮ್ಮ ಕರೆದುಕೊಂಡು ಹೋದವರನ್ನು ಹಾಗೆ ಎಸೆಯಬಾರದು ಎಂದು ಬೇವಿನ ಬುಡದಲ್ಲಿ ಕುಣಿ ತೋಡಿ, ಎರಡು ಹಿಡಿ ಮಣ್ಣು ಹಾಕಿ, ನನ್ನಿಂದಲೂ ಹಾಕಿಸಿದರು. ನಂತರ ಸ್ನಾನಕ್ಕೆ ಹೋದರು.

ನಾನು ಕೋಣೆಗೆ ಬಂದು, ಬೇರೇನು ಮಾಡುವುದೆಂದು ತೋಚದೆ, ಅನ್ನಕ್ಕಿಡಲು ಸ್ಟೋವಿಗೆ ಪಂಪು ಹೊಡೆಯುತ್ತಿದ್ದೆ. ಆಯಿ ಒದ್ದೆ ಕೂದಲಲ್ಲೇ ಬಂದರು. ಸೆರಗಿನಡಿ ತಟ್ಟೆ, ಅದರಲ್ಲಿ ಎರಡು ಜೋಳದ ರೊಟ್ಟಿ, ಬೇಳೆ. ಸ್ಟೋ ಆರಿಸಿದರು.

“ನಿಮ್ಮ ಮನ್ಯಾಗ ಸಾವಾಗೇತಿ ಅಕ್ಕೋರ. ಇವತ್ತ ನೀವು ಒಲಿ ಹಚ್ಚಬಾರದು.”

ಅಷ್ಟು ವರ್ಷ ನನ್ನ ಕೋಣೆಯನ್ನು ಎಲ್ಲರೂ ಖೋಲಿ ಎಂದೇ ಕರೆದಿದ್ದರು, ಬಾಡಿಗೆ ಕೊಡುವ ನಾನೂ ಸೇರಿ. ಮನೆ ಎಂದವರು ಯಾರೂ ಇರಲಿಲ್ಲ. ರೊಟ್ಟಿ ಮುರಿದೆ, ಜೋರಾಗಿ ಅಳು ಬಂತು. ಮೀನಿಗಾಗಿ ಅಳುತ್ತಿದ್ದೇನೆಂದು ಆಯಿ ಬೆನ್ನು ಸವರಿದರು. ನಾನು ತಿದ್ದಲು ಹೋಗಲಿಲ್ಲ.